ನಿಮ್ಮ ಸೀರೆಗೆ ಇನ್ನೊಬ್ಬರ ಫೋಟೋ ಯಾಕೆ?

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಬರಹ. ಹೊರಗಿನವರ ಜೊತೆ ಅಲ್ಲ, ನಮ್ಮವರ ಜೊತೆಗೇ ಜಗಳ. ಮುಂಬೈ, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಮನೆಯಲ್ಲಿ ಕೂತು ಫೋನಿನ ಮೇಲೆ ಊರಿನ ಸೀರೆ, ಖಣ, ಕಸೂತಿ, ಚಟ್ನಿಪುಡಿ, ಹಪ್ಪಳ ಮಾರುವ ನನ್ನಂಥ ಹೆಂಗಸರ ಜೊತೆ. ಈಚೆಗೆ ನಿವೃತ್ತಿಯಾಗಿ ಈ ಕೆಲಸಕ್ಕೆ ಇಳಿದಿರುವ ಕೆಲವು ಗಂಡಸರನ್ನೂ ಸೇರಿಸಿಕೊಳ್ಳಿ, ಬೇಜಾರಿಲ್ಲ.

ನನ್ನ ವಾದ ಇಷ್ಟೇ. ಮಾರುವ ಸರಕು ನಿಮ್ಮದಾದರೆ ಅದರ ಫೋಟೋನೂ ನಿಮ್ಮದೇ ಆಗಿರಬೇಕು. ನೀವು ಪಾರ್ಸೆಲ್ ಮಾಡಿ ಕಳಿಸುವ ಅದೇ ಸೀರೆಯನ್ನು ನಿಮ್ಮ ಮನೆಯ ಕಿಟಕಿಯ ಬೆಳಕಿನಲ್ಲಿ ಹಾಸಿ, ನಿಮ್ಮದೇ ಫೋನಿನಲ್ಲಿ ತೆಗೆದದ್ದಾಗಿರಬೇಕು. ಇದನ್ನು ಹೇಳಿದರೆ ಭಿಶಿಯಲ್ಲಿ ಎಲ್ಲರೂ ನಗುತ್ತಾರೆ. "ಅಯ್ಯ ವೈನಿ, ಯಾರಿಗೆ ಅಷ್ಟ ಟೈಮ್ ಅದರೀ? ಫೋಟೋ ಗ್ರೂಪಿನ್ಯಾಗ ಬಂದಿರ್ತಾವಲ್ಲ!" ಬಂದಿರ್ತಾವೆ, ಅದೇ ನನ್ನ ತಕರಾರು.

ಈ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಹೋಲ್‌ಸೇಲ್ ಗ್ರೂಪಿನಲ್ಲಿ ಐವತ್ತು-ಅರವತ್ತು ಸೀರೆ ಫೋಟೋ ಬಂದಿರುತ್ತವೆ. ನಾವು ದರದ ಮೇಲೆ ಮುನ್ನೂರು ರೂಪಾಯಿ ಏರಿಸಿ ನಮ್ಮ ಗ್ರೂಪಿಗೆ ದಬ್ಬುತ್ತೇವೆ. ನಮ್ಮ ಗ್ರೂಪಿನಲ್ಲಿ ಇನ್ನೊಬ್ಬಳು ಮಾರುವವಳು ಇರುತ್ತಾಳೆ, ಅವಳು ಇನ್ನಿನ್ನೂರು ಏರಿಸಿ ಮುಂದೆ ದಬ್ಬುತ್ತಾಳೆ. ಆರ್ಡರ್ ಬಂದರೆ ಸೀರೆ ಎಲ್ಲಿಂದಲೋ ಹೊರಟು ನೇರ ಗಿರಾಕಿಯ ಮನೆಗೆ ಹೋಗುತ್ತದೆ. ಈ ಸಾಲಿನಲ್ಲಿ ನಿಂತ ಒಬ್ಬಳೂ ಆ ಸೀರೆಯನ್ನು ಕಣ್ಣಾರೆ ಕಂಡಿಲ್ಲ, ಕೈಯಲ್ಲಿ ಮುಟ್ಟಿಲ್ಲ. ಆದರೂ ಎಲ್ಲರೂ ಬರೆಯುವುದು ಏನು? "ನಮ್ಮ ಊರಿನ ಅಪ್ಪಟ ಇಳಕಲ್, ನೂರಕ್ಕೆ ನೂರು ಗ್ಯಾರಂಟಿ!" ಯಾವ ಊರು ತಾಯಿ? ಯಾರ ಗ್ಯಾರಂಟಿ?

ನಾನು ಬಾಗಲಕೋಟೆ ಕಡೆಯವಳು. ಮದುವೆಯಾಗಿ ಡೊಂಬಿವಿಲಿಗೆ ಬಂದು 28 ವರ್ಷ ಆಯಿತು, ಸೀರೆ ಮಾರಲು ಶುರುಮಾಡಿ 9 ವರ್ಷ. ಎರಡು ವರ್ಷದ ಹಿಂದೆ ಪುಣೆಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿ ಹಿಗ್ಗಾಮುಗ್ಗಾ ಬೈದಳು. ಗದಗಿನವಳು, ಹಾಗಾಗಿ ಬೈಗುಳ ಚೆನ್ನಾಗಿ ಅರ್ಥವಾಯಿತು. ತಾಯಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆಂದು ತರಿಸಿದ ಇಳಕಲ್ ಸೀರೆ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಪ್ರಿಂಟ್ ಹೊಡೆದದ್ದಾಗಿತ್ತಂತೆ. ನಾನು ಆಕೆಗೆ ಸೀರೆಯನ್ನೇ ಮಾರಿರಲಿಲ್ಲ! ವಿಚಾರಿಸಿದರೆ ಆಕೆ ಕೊಂಡದ್ದು ಬೇರೆ ಯಾರದೋ ಅಂಗಡಿಯಿಂದ, ಆದರೆ ಅಲ್ಲಿದ್ದ ಫೋಟೋ ನನ್ನದು. ನನ್ನ ಹಳೇ ಗಿರಾಕಿಯೊಬ್ಬಳು ಅದನ್ನು ನೋಡಿ "ಇದು ನಮ್ಮ ಡೊಂಬಿವಿಲಿ ಅಕ್ಕನದೇ" ಎಂದು ನನ್ನ ನಂಬರ್ ಕೊಟ್ಟಿದ್ದಳು. ಗುರುತು ಸಿಕ್ಕದ್ದು ಹೇಗೆ ಅಂದರೆ, ನಾನು ಪ್ರತಿ ಫೋಟೋದಲ್ಲೂ ಅಳತೆಗೆಂದು ಮಗನ ಶಾಲೆಯ ಹಳೇ ಮರದ ಸ್ಕೇಲ್ ಇಡುತ್ತೇನೆ. ಅದರ ಮೇಲೆ ನೀಲಿ ಇಂಕಿನ ಕಲೆ ಇದೆ. ಕದ್ದವರು ಆ ಕಲೆಯನ್ನು ಒರೆಸುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ.

ಆ ಫೋಟೋ ತೆಗೆಸಿಹಾಕಲು ಹನ್ನೊಂದು ದಿನ ಹಿಡಿಯಿತು. ಹದಿನೈದು ದಿನದಲ್ಲಿ ಅದೇ ಫೋಟೋ ಇನ್ನೊಂದು ಹೆಸರಿನಲ್ಲಿ ಮತ್ತೆ ಬಂತು. ಇದರಲ್ಲಿ ನನ್ನದು ಸಣ್ಣ ನಷ್ಟ. ಆ ಫೋಟೋದಲ್ಲಿದ್ದ ಸೀರೆಯನ್ನು ನೇಯ್ದವನ ಲೆಕ್ಕ ಹಾಕಿ ನೋಡಿ.

ಇಳಕಲ್ ಸೀರೆಯ ವಿಶೇಷ ಅದರ ಸೆರಗಿನ ಜೋಡಣೆಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸಿ ನೇಯುತ್ತಾರೆ, ಅದಕ್ಕೇ ತೋಪ ತೆನಿ ಅನ್ನುವುದು. ಕೆಂಪು ರೇಷ್ಮೆಯ ಸೆರಗಿನ ಮೇಲೆ ಬಿಳಿ ತೆನೆಗಳು, ದಡಿಯಲ್ಲಿ ಚಿಕ್ಕಿಯೋ ಗೋಮಿಯೋ. ಇಷ್ಟು ಕೆಲಸ ಇರುವುದರಿಂದಲೇ ಈ ಸೀರೆಗೆ ಜಿಐ ಗುರುತು ಸಿಕ್ಕಿದೆ. ಈಗ ಆ ಸೀರೆಯ ಫೋಟೋ ತೋರಿಸಿ ಐನೂರು ರೂಪಾಯಿಗೆ ಪ್ರಿಂಟ್ ಬಟ್ಟೆ ಕಳಿಸಿದರೆ ಏನಾಗುತ್ತದೆ? ನೇಕಾರನ ಕೈಕೆಲಸ ತೋರಿಸಿ ದುಡ್ಡು ಮಾಡಿದವನು ನೇಕಾರನಿಗೆ ಒಂದು ಪೈಸೆ ಕೊಡುವುದಿಲ್ಲ. ಅದರ ಮೇಲೆ ಮೋಸಹೋದ ಗಿರಾಕಿ "ಇಳಕಲ್ ಅಂದ್ರ ಇಷ್ಟನಾ?" ಎಂದು ಕೈತೊಳೆದುಕೊಳ್ಳುತ್ತಾಳೆ. ಅವಳು ಮತ್ತೆಂದೂ ನಿಜವಾದ ಇಳಕಲ್ ಸೀರೆಗೆ ಮೂರು ಸಾವಿರ ಕೊಡುವುದಿಲ್ಲ. ಒಂದು ಕದ್ದ ಫೋಟೋ ಊರಿನ ಒಬ್ಬ ನೇಕಾರನ ಒಬ್ಬ ಗಿರಾಕಿಯನ್ನು ಹೀಗೆ ಕಾಯಂ ಆಗಿ ಕಸಿಯುತ್ತದೆ.

"ಕದ್ದ" ಎಂಬ ಮಾತು ಕೆಲವರಿಗೆ ಚುಚ್ಚುತ್ತದೆ. ಚುಚ್ಚಲಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ಕೂಡ ಒಂದು ಕಲಾಕೃತಿ, ತೆಗೆದವರೇ ಅದರ ಕರ್ತೃ. ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಅದರ ಹಕ್ಕು ಇರುತ್ತದೆ. ಅದಕ್ಕೆ ದೊಡ್ಡ ಕ್ಯಾಮೆರಾ ಬೇಕಿಲ್ಲ, ನಿಮ್ಮ ಫೋನಿನಲ್ಲಿ ತೆಗೆದದ್ದಕ್ಕೂ ಅದೇ ಕಾಯ್ದೆ. ಇನ್ನು 2020ರ ಇ-ಕಾಮರ್ಸ್ ನಿಯಮಗಳು ಮಾರುವವರಿಗೆ ಹೇಳುವುದೂ ಸ್ಪಷ್ಟವಾಗಿದೆ: ಜಾಹೀರಾತಿನಲ್ಲಿ ತೋರಿಸಿದ್ದಕ್ಕೂ ನಿಜವಾದ ಸರಕಿನ ಗುಣಕ್ಕೂ ತಾಳೆಯಾಗಬೇಕು. ತಾಳೆಯಾಗದ ಸರಕನ್ನು ಗಿರಾಕಿ ವಾಪಸ್ ಕೊಟ್ಟರೆ ಮಾರಿದವರು ಇಲ್ಲ ಅನ್ನುವ ಹಾಗಿಲ್ಲ. "ಹೋಲ್‌ಸೇಲಿನವರು ಫೋಟೋ ಕಳಿಸಿದ್ದರು" ಎಂಬುದು ಗಿರಾಕಿಗೆ ಕೊಡುವ ಉತ್ತರ ಅಲ್ಲವೇ ಅಲ್ಲ. ದುಡ್ಡು ತೆಗೆದುಕೊಂಡವರು ನೀವು.

ಈಗ ನಿಮ್ಮ ತಕರಾರುಗಳಿಗೆ ಬರೋಣ. ಒಂಬತ್ತು ವರ್ಷದಲ್ಲಿ ಎಲ್ಲವನ್ನೂ ಕೇಳಿದ್ದೇನೆ.

ಒಂದನೆಯದು, "ನಮ್ಮ ಮನೆಯಲ್ಲಿ ಬೆಳಕಿಲ್ಲ". ನಮ್ಮದು ಎರಡನೇ ಮಹಡಿ, ಎದುರಿಗೆ ಇನ್ನೊಂದು ಬಿಲ್ಡಿಂಗು, ಕಿಟಕಿಗೆ ಗ್ರಿಲ್ಲು, ಗ್ರಿಲ್ಲಿನ ತುಂಬ ತುಳಸಿ-ಮನಿಪ್ಲಾಂಟು. ಮುಂಬೈಯಲ್ಲಿ ಎಲ್ಲರ ಮನೆಯೂ ಹೀಗೇ. ಸೀರೆಗೆ ಬಿಸಿಲು ಬೇಡ ಸ್ವಾಮಿ, ಬೆಳಕು ಸಾಕು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಸೀರೆ ಇಡಿ. ಬಿಸಿಲು ಬಂದರೆ ಯಜಮಾನರ ಹಳೇ ಬಿಳಿ ಪಂಚೆಯನ್ನು ಗ್ರಿಲ್ಲಿಗೆ ಕಟ್ಟಿ, ಬೆಳಕು ಸೋಸಿ ಮೆತ್ತಗಾಗುತ್ತದೆ. ಮಳೆಗಾಲದ ಮೋಡ ಅಂತೂ ದೇವರೇ ಕಟ್ಟಿದ ಪಂಚೆ. ಕಿಟಕಿ ಒಂದು ಪಕ್ಕಕ್ಕೆ ಇರಲಿ, ಆಗ ಬೆಳಕು ಅಡ್ಡಡ್ಡ ಬಿದ್ದು ನೇಯ್ಗೆಯ ಎಳೆ ಎದ್ದು ಕಾಣುತ್ತದೆ. ಇನ್ನೊಂದು ಪಕ್ಕದ ನೆರಳು ಕಡಿಮೆ ಮಾಡಲು ಕೊರಿಯರ್ ಡಬ್ಬಿಯ ರಟ್ಟಿಗೆ ಬಿಳಿ ಹಾಳೆ ಅಂಟಿಸಿ ನಿಲ್ಲಿಸಿ. ಖರ್ಚು ಹತ್ತು ರೂಪಾಯಿ.

ಆದರೆ ಟ್ಯೂಬ್‌ಲೈಟ್ ಆರಿಸಿ! ಕಿಟಕಿಯ ಬೆಳಕಿಗೆ ಒಂದು ಬಣ್ಣ, ಬಲ್ಬಿಗೆ ಇನ್ನೊಂದು ಬಣ್ಣ. ಎರಡೂ ಕೂಡಿದರೆ ಫೋನಿಗೆ ತಲೆ ಕೆಟ್ಟು ಸೀರೆಯ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಆಗುತ್ತದೆ. ಗುಲಾಬಿ ಗೋಡೆಯ ಬಣ್ಣವೂ ಸೀರೆಯ ಮೇಲೆ ಬೀಳುತ್ತದೆ, ನೀವು ಹಾಕಿಕೊಂಡ ಕೆಂಪು ನೈಟಿಯದೂ ಬೀಳುತ್ತದೆ. ನಗಬೇಡಿ, ಪರೀಕ್ಷೆ ಮಾಡಿ ನೋಡಿ.

ಎರಡನೆಯದು, "ಬಿಳಿ ಹಿನ್ನೆಲೆ ಬೇಕಂತೆ, ಅದಕ್ಕೆ ಸ್ಟುಡಿಯೋನೇ ಆಗಬೇಕು". ಅಮೆಜಾನಿನಲ್ಲಿ ಮುಖ್ಯ ಫೋಟೋಗೆ ಅಪ್ಪಟ ಬಿಳಿ ಹಿನ್ನೆಲೆ ಬೇಕು, ಸರಕು ಚೌಕಟ್ಟಿನ ಶೇಕಡಾ 85ರಷ್ಟು ತುಂಬಿರಬೇಕು, ಅಕ್ಷರ-ಲೋಗೋ ಇರಬಾರದು, ಗಿರಾಕಿ ದೊಡ್ಡದು ಮಾಡಿ ನೋಡಬೇಕಾದರೆ ಉದ್ದದ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕು. ಇದರಲ್ಲಿ ಸ್ಟುಡಿಯೋ ಎಂಬ ಮಾತು ಎಲ್ಲಿದೆ? ಇವತ್ತಿನ ಯಾವ ಸಾಧಾರಣ ಫೋನೂ ಇದಕ್ಕಿಂತ ದೊಡ್ಡ ಫೋಟೋ ಕೊಡುತ್ತದೆ. ಬಿಳಿ ಬೆಡ್‌ಶೀಟನ್ನು ಇಸ್ತ್ರಿ ಮಾಡಿ ಹಾಸಿ. ಬಿಳಿ ಹೆಚ್ಚಿದ್ದರೆ ಫೋನು "ಅಬ್ಬಾ, ಬೆಳಕು ಜಾಸ್ತಿ" ಎಂದು ತಾನೇ ಮಬ್ಬು ಮಾಡುತ್ತದೆ, ಬೆಡ್‌ಶೀಟು ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಗ ಪರದೆಯ ಮೇಲೆ ಬೆರಳು ಒತ್ತಿ ಹಿಡಿದು, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಎಳೆಯಿರಿ. ಉಳಿದ ಹಿನ್ನೆಲೆ ಕತ್ತರಿಸಲು ಆ್ಯಪುಗಳಿವೆ. ಅದಕ್ಕೆ ನನ್ನ ವಿರೋಧ ಇಲ್ಲ. ನನ್ನ ಲಕ್ಷ್ಮಣರೇಖೆ ಇಷ್ಟೇ: ಹಿನ್ನೆಲೆ ಮುಟ್ಟಿ, ಸೀರೆ ಮುಟ್ಟಬೇಡಿ.

ಮೂರನೆಯದು ದೊಡ್ಡದು. "ಮನೆಯಲ್ಲಿ ತೆಗೆದದ್ದು ಮನೆಯಲ್ಲಿ ತೆಗೆದ ಹಾಗೇ ಕಾಣುತ್ತೆ ಅಕ್ಕಾ, ಗ್ರ್ಯಾಂಡಾಗಿ ಇರಲ್ಲ". ಹಾಗೆ ಕಾಣಲಿ ಬಿಡು ತಂಗಿ! ನಮ್ಮಿಂದ ಕೊಳ್ಳುವವರು ಯಾರು? ನಮ್ಮ ಹಾಗೆ ಊರು ಬಿಟ್ಟು ಬಂದವರು. ಥಾಣೆಯಲ್ಲೋ ಸಿಕಂದರಾಬಾದಿನಲ್ಲೋ ಕೂತು "ಊರಿನ ಸೀರೆ, ಊರಿನವಳ ಕೈಯಿಂದ" ಎಂದು ಕೊಳ್ಳುವವರು. ಗ್ರ್ಯಾಂಡ್ ಬೇಕಿದ್ದರೆ ಅವರಿಗೆ ದಾದರಿನ ಅಂಗಡಿಗಳಿಲ್ಲವೇ? ದೊಡ್ಡ ಕಂಪನಿಗಳ ಎದುರು ನಮ್ಮ ಹತ್ತಿರ ಇರುವ ಬಂಡವಾಳ ಅದೊಂದೇ ನಂಬಿಕೆ. ದುಡ್ಡು ಹಾಕಿ ಅವರ ಹಾಗೆ ಕಾಣಲು ಹೋದರೆ ಆ ಬಂಡವಾಳವನ್ನೇ ಕರಗಿಸಿದ ಹಾಗೆ.

ನಾಲ್ಕನೆಯದು ಹೊಸ ಕಾಲದ್ದು, ಎಐ. ಸೀರೆಯ ಒಂದು ಫೋಟೋ ಕೊಟ್ಟರೆ ಸಾಕಂತೆ, ಅದನ್ನು ಚಂದದ ಹುಡುಗಿಯೊಬ್ಬಳಿಗೆ ಉಡಿಸಿ, ಹಿಂದೆ ಬಾದಾಮಿಯ ಬಂಡೆ ನಿಲ್ಲಿಸಿ ಕೊಡುತ್ತದಂತೆ. ಇದನ್ನು ಕಲಿಸುವುದಕ್ಕೆ ಈಗ ಕ್ಲಾಸುಗಳೂ ನಡೆಯುತ್ತಿವೆ, ಫೀಸೂ ಇದೆ. ನಾನೂ ನನ್ನ ಸೀರೆಯೊಂದನ್ನು ಹಾಕಿ ನೋಡಿದೆ. ಹುಡುಗಿ ನಿಜಕ್ಕೂ ಚಂದ ಇದ್ದಳು. ಆದರೆ ಸೆರಗಿನ ತೆನೆಗಳು ತೆನೆಗಳಾಗಿ ಉಳಿಯದೆ ಯಾವುದೋ ಹೂವಾಗಿದ್ದವು, ದಡಿ ಒಂದೂವರೆ ಪಟ್ಟು ಅಗಲವಾಗಿತ್ತು, ಒಡಲು-ಸೆರಗಿನ ಜೋಡಣೆ ಮಾಯ. ಅದು ಸೀರೆಯನ್ನು ಉಡಿಸುವುದಿಲ್ಲ, ಸೀರೆಯ ಹಾಗೆ ಕಾಣುವ ಇನ್ನೊಂದನ್ನು ಹೊಸದಾಗಿ ಬರೆಯುತ್ತದೆ. ಆ ಹುಡುಗಿಯೂ ಇಲ್ಲ, ಅವಳು ಉಟ್ಟ ಸೀರೆಯೂ ಈ ಲೋಕದಲ್ಲಿ ಎಲ್ಲೂ ಇಲ್ಲ. ಇಲ್ಲದ ಸೀರೆಗೆ ದುಡ್ಡು ತೆಗೆದುಕೊಂಡು ಇರುವ ಸೀರೆ ಕಳಿಸಿದರೆ ಗಿರಾಕಿ ಸುಮ್ಮನಿರುತ್ತಾಳೆಯೇ?

ಸುಮ್ಮನಿರುವುದಿಲ್ಲ, ವಾಪಸ್ ಕಳಿಸುತ್ತಾಳೆ. ನೀತಿ ಮಾತು ಹಿಡಿಸದಿದ್ದರೆ ಲೆಕ್ಕದ ಮಾತು ಕೇಳಿ. ಒಂದು ಸೀರೆಯಲ್ಲಿ ನಿಮಗೆ ಉಳಿಯುವುದು 300 ರೂಪಾಯಿ ಅಂತಿಟ್ಟುಕೊಳ್ಳಿ. ಕೊರಿಯರ್ ಹೋಗಲು 90, ಬರಲು 90, ಮತ್ತೆ ಮಡಿಕೆ ಹಾಕಿ ಇಸ್ತ್ರಿ-ಪ್ಯಾಕಿಂಗ್ ಮಾಡಲು 20. ಒಂದು ವಾಪಸ್ ಬಂದರೆ 200 ಕೈಬಿಟ್ಟಿತು. ಐದು ಸೀರೆ ಹೋಗಿ ಎರಡು ವಾಪಸ್ ಬಂದರೆ ಮೂರರ ಲಾಭ 900ರಲ್ಲಿ 400 ಕಳೆದು ಉಳಿಯುವುದು 500. ಐದು ಪಾರ್ಸೆಲ್ ಕಟ್ಟಿದ್ದಕ್ಕೆ ಐನೂರು! ವಾಪಸ್ ಬಂದ ಸೀರೆಗೆ ಇನ್ನೊಬ್ಬರ ಮನೆಯ ಸೆಂಟಿನ ವಾಸನೆ ಬೇರೆ. ನನಗೆ ಬರುವ ವಾಪಸ್‌ಗಳಲ್ಲಿ ಹೆಚ್ಚಿನವು ಎರಡೇ ಕಾರಣಕ್ಕೆ: ಬಣ್ಣ ಬೇರೆ, ಇಲ್ಲವೇ ಅಳತೆ ಬೇರೆ. ಎರಡೂ ಫೋಟೋದಲ್ಲೇ ತೀರಿಸಬಹುದಾದ ಜಗಳಗಳು.

ಹಾಗಾಗಿ ಪ್ರತಿ ಸೀರೆಗೂ ನಾನು ಆರು ಫೋಟೋ ತೆಗೆಯುತ್ತೇನೆ. ಒಂದು, ಪೂರ್ತಿ ಮಡಿಕೆಯಲ್ಲಿ ಒಡಲು, ದಡಿ, ಸೆರಗು ಮೂರೂ ಕಾಣುವಂತೆ. ಎರಡು, ಸೆರಗು ಬಿಚ್ಚಿ. ಮೂರು, ಒಡಲು ಮತ್ತು ಸೆರಗು ಕೂಡುವ ಜಾಗ ಹತ್ತಿರದಿಂದ. ನಾಲ್ಕು, ದಡಿಯ ಪಕ್ಕ ಸ್ಕೇಲ್ ಇಟ್ಟು. ಐದು, ಹಿಮ್ಮುಖ. ಆರು, ಎಲ್ಲಾದರೂ ಎಳೆ ಎದ್ದಿದ್ದರೆ, ಗಂಟು ಇದ್ದರೆ, ಬಣ್ಣ ಕೂಡಿದ್ದರೆ ಅದರದ್ದೇ ಫೋಟೋ.

ಹಿಮ್ಮುಖ ಯಾಕೆ ಅಂತೀರಾ? ಕಸೂತಿಯನ್ನೇ ನೋಡಿ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ಹಿಂದೆ ತಿರುಗಿಸಿ ತೋರಿಸಿದರೆ ಕೈ ಕಸೂತಿ ಮಾಡಿದವಳ ಕೈಚಳಕ ತಾನೇ ಮಾತಾಡುತ್ತದೆ. ಗ್ರೂಪಿನಲ್ಲಿ ಬರುವ ಫೋಟೋಗಳಲ್ಲಿ ಹಿಮ್ಮುಖ ಎಷ್ಟರಲ್ಲಿ ಇರುತ್ತದೆ, ಇವತ್ತೇ ಎಣಿಸಿ ನೋಡಿ. ಆರನೇ ಫೋಟೋಗೆ ನಮ್ಮ ಮನೆಯಲ್ಲೇ ವಿರೋಧ ಇತ್ತು, "ದೋಷ ತೋರಿಸಿ ಯಾರಾದರೂ ಮಾರುತ್ತಾರೇನು?" ಎಂದರು. ಮಾರುತ್ತಾರೆ. ದೋಷ ತೋರಿಸಿ ಮಾರಿದ ಸೀರೆ ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಕಡುಗೆಂಪು ಮತ್ತು ನೇರಳೆ ಬಂದರೆ ಫೋನುಗಳು ತಬ್ಬಿಬ್ಬಾಗುತ್ತವೆ. ಸೀರೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಫೋಟೋ ಅದಕ್ಕೆ ಹೊಂದುವವರೆಗೆ ಮಾತ್ರ ಸರಿಪಡಿಸಿ, ಒಂದು ಕೂದಲೂ ಆಚೆ ಹೋಗಬೇಡಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇದ್ದರೆ ಎರಡು ಕೋನದಿಂದ ತೋರಿಸಿ. ಆದರೂ ಗಿರಾಕಿಯ ಫೋನಿನ ಪರದೆ ನಮ್ಮ ಕೈಯಲ್ಲಿಲ್ಲ. ಅದಕ್ಕೆ ಬಣ್ಣವನ್ನು ಮಾತಿನಲ್ಲೂ ಬರೆಯಿರಿ: ದಾಳಿಂಬೆ ಕೆಂಪು, ಗಿಳಿ ಹಸಿರು, ಬದನೆಕಾಯಿ ಬಣ್ಣ, ಉಳ್ಳಾಗಡ್ಡಿ ಸಿಪ್ಪಿ ಬಣ್ಣ. ನಮ್ಮ ಗಿರಾಕಿಗೆ ಇದಕ್ಕಿಂತ ನಿಖರವಾದ ಅಳತೆ ಇಲ್ಲ. ತೆಗೆಯುವ ಮೊದಲು ಲೆನ್ಸ್ ಒರೆಸಿ (ಶೇಂಗಾ ಹುರಿದ ಕೈ ತಾಗಿರುತ್ತದೆ), ಬ್ಯೂಟಿ ಮೋಡ್ ಆರಿಸಿ, ತೀರಾ ಹತ್ತಿರ ಹೋಗದೆ ಎರಡು ಹೆಜ್ಜೆ ಹಿಂದೆ ನಿಂತು 2 ಪಟ್ಟು ಜೂಮ್ ಮಾಡಿ, ಇಲ್ಲದಿದ್ದರೆ ದಡಿ ಬಿಲ್ಲಿನ ಹಾಗೆ ಬಾಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಸೊರಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಚಟ್ನಿಪುಡಿ-ಹಪ್ಪಳದವರು ತಪ್ಪಿಸಿಕೊಂಡೆವು ಅಂದುಕೊಳ್ಳಬೇಡಿ. ಕರಿದ ಹಪ್ಪಳದ ಫೋಟೋ ಒಂದೇ ಹಾಕಿದರೆ ಗಿರಾಕಿ ಹಸಿ ಹಪ್ಪಳವೂ ಅಷ್ಟೇ ಅಗಲ ಅಂದುಕೊಳ್ಳುತ್ತಾಳೆ. ಹಸಿ ಹಪ್ಪಳದ ಪಕ್ಕ ಹತ್ತು ರೂಪಾಯಿ ನಾಣ್ಯ ಇಡಿ. ಅದು 27 ಮಿಲಿಮೀಟರ್, ದೇಶದ ಎಲ್ಲರ ಕೈಯಲ್ಲೂ ಇದೆ. ಲೇಬಲ್ಲಿನ ಫೋಟೋದಲ್ಲಿ ತೂಕ, ತಯಾರಿಸಿದ ದಿನ, ಎಫ್‌ಎಸ್‌ಎಸ್‌ಎಐ ನಂಬರು ಓದುವಂತೆ ಕಾಣಲಿ.

ಫೋಟೋ ತೆಗೆಯುವವರ ಹೊಟ್ಟೆಯ ಮೇಲೆ ನಾನು ಹೊಡೆಯುತ್ತಿಲ್ಲ. ಹಿತ್ತಾಳೆ ಸಮೆ, ಸ್ಟೀಲ್ ಡಬ್ಬಿ, ಗಾಜು, ಆಭರಣ ಇಂಥ ಹೊಳೆಯುವ ಸರಕಿನಲ್ಲಿ ನಮ್ಮ ಮುಖ, ಕಿಟಕಿ, ಗ್ರಿಲ್ಲು ಎಲ್ಲ ಮೂಡುತ್ತವೆ, ಅಲ್ಲಿ ಬಲ್ಲವರನ್ನು ಕರೆಯುವುದೇ ಸರಿ. ಕರೆದರೂ ನಿಮ್ಮದೇ ಸರಕು ಕೊಟ್ಟು ತೆಗೆಸಿ, ಪಕ್ಕದಲ್ಲಿ ನಿಲ್ಲಿ. ಬೇರೆ ಒಪ್ಪಂದ ಇಲ್ಲದಿದ್ದರೆ ನೀವು ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ಕಾಯ್ದೆಯ ಪ್ರಕಾರ ನಿಮ್ಮದೇ.

ಉಳಿದದ್ದು ಸಮಯದ ತಕರಾರು. ಅಭ್ಯಾಸವಾದ ಮೇಲೆ ಒಂದು ಸೀರೆಗೆ ಹನ್ನೆರಡು ನಿಮಿಷ ಸಾಕು. ಅಷ್ಟು ಹೊತ್ತು ಸೀರೆ ನಿಮ್ಮ ಕೈಯಲ್ಲಿರುತ್ತದೆ, ಎಳೆ ಕಣ್ಣಿಗೆ ಬೀಳುತ್ತದೆ, ಗಂಟು ಬೆರಳಿಗೆ ಸಿಗುತ್ತದೆ. ಗಿರಾಕಿ "ಮೆತ್ತಗದನ್ರೀ?" ಎಂದು ಕೇಳಿದರೆ ಮುಟ್ಟಿ ನೋಡಿ ಹೇಳಬಹುದು. ಹನ್ನೆರಡು ನಿಮಿಷವೂ ಕೈಯಲ್ಲಿ ಹಿಡಿಯದ ಸೀರೆಯನ್ನು ಇನ್ನೊಬ್ಬಳ ತಾಯಿಗೆ ಉಡಿಸಲು ಹೊರಡುವ ಧೈರ್ಯ ನನಗಂತೂ ಇಲ್ಲ.

ಬರುವ ಭಾನುವಾರ ಹತ್ತು ಗಂಟೆಗೆ ಟ್ಯೂಬ್‌ಲೈಟ್ ಆರಿಸಿ, ಬಿಳಿ ಬೆಡ್‌ಶೀಟ್ ಹಾಸಿ, ಒಂದೇ ಒಂದು ಸೀರೆ ಇಟ್ಟು ಆರು ಫೋಟೋ ತೆಗೆಯಿರಿ. ಆಮೇಲೂ ನಾನು ಹೇಳಿದ್ದು ಸುಳ್ಳು ಅನಿಸಿದರೆ ಧಾರಾಳವಾಗಿ ಜಗಳಕ್ಕೆ ಬನ್ನಿ. ಬರುವಾಗ ಆ ಆರು ಫೋಟೋ ತರುವುದನ್ನು ಮಾತ್ರ ಮರೆಯಬೇಡಿ.